ಮಾವನವರಿಗೆ ಬಂದ ಹುಲ್ಲು

ಸಂಕ್ರಾಂತಿ ಕಳೆದ ಮೂರನೆಯ ದಿನ ನಾನೂ ನಮ್ಮ ಅತ್ತೆಯೂ ಹಿತ್ತಲಲ್ಲಿ ರಾಗಿ ಹುಲ್ಲಿನ ಬಣವೆ ಒಟ್ಟುತ್ತಿದ್ದೆವು. ಅತ್ತೆ ಬಣವೆಯ ಮೇಲೆ, ನಾನು ಕೆಳಗೆ. ನಾನು ಒಂದೊಂದೇ ಕಟ್ಟು ಎಸೆದರೆ ಅವರು ಹಿಡಿದು, ಹರಡಿ, ತುಳಿದು ಕೂರಿಸುತ್ತಿದ್ದರು. ಅದು ಗಂಡಸರ ಕೆಲಸ. ಆದರೆ ನಮ್ಮ ಯಜಮಾನರು ಶಿವನಿ ಸ್ಟೇಷನ್ನಿನ ಕಡೆ ರೈಲು ಹಳಿ ನೋಡುವ ಗ್ಯಾಂಗಿನಲ್ಲಿದ್ದರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಮಾವನವರು ತೀರಿಕೊಂಡು ವರ್ಷದ ಮೇಲಾಗಿತ್ತು. ಅವರಿದ್ದರೆ ಹತ್ತುತ್ತಿದ್ದರೇನೋ ಎಂದು ನಾನು ಅಂದೆ. ಅತ್ತೆ ಮೇಲಿನಿಂದಲೇ ನಕ್ಕರು. ಅವರಿದ್ದಾಗಲೂ ಹತ್ತುತ್ತಿದ್ದವಳು ತಾನೇ, ಅವರು ಕೆಳಗೆ ನಿಂತು ಬಣವೆ ವಾಲಿದೆ ಎಂದು ಹೇಳುವ ಕೆಲಸ ಮಾಡುತ್ತಿದ್ದರು ಎಂದರು. ಆಮೇಲೆ ಬಣವೆಯನ್ನು ಮೇಲಿನಿಂದ ಕೆಳಗಿನ ತನಕ ಒಂದು ಸಲ ನೋಡಿ, ನಮ್ಮ ಜೋಡೆತ್ತಿಗೆ ಮುಂಗಾರಿನ ತನಕ ಸಾಕು ಎಂದು ಲೆಕ್ಕ ಹಾಕಿ ಇಳಿದರು. ಇಬ್ಬರೂ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದೆವು. ಹೇಳುವಂಥದ್ದೇನೂ ನಡೆಯದ ದಿನ ಅದು.

ಮಾರನೆಯ ದಿನ ಊರಿಗೆ ಸರ್ಕಾರದ ಹೋರಿ ಬಂತು.

ನಾನು ತರೀಕೆರೆಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾಲ್ಕನೆಯ ಕ್ಲಾಸಿನ ತನಕ ಓದಿದವಳು. ಬರೆಯುವ ಕೆಲಸ ಹೆಚ್ಚಾಗಿ ಬಿದ್ದಿಲ್ಲ. ಹೋದ ಕಾರ್ತಿಕದಲ್ಲಿ ಅತ್ತೆ ಹೋದರು. ಆಗಿನಿಂದ ಮಧ್ಯಾಹ್ನ ಊಟ ಆದಮೇಲೆ ನನ್ನ ಜೊತೆ ಊರವರನ್ನು ಆಡಿಕೊಳ್ಳುವವರು ಯಾರೂ ಇಲ್ಲ. ಆ ಹೊತ್ತಿನಲ್ಲಿ ಕೂತು ಬರೆಯುತ್ತಿದ್ದೇನೆ.

ಸರ್ಕಾರದಿಂದ ರೈತರಿಗೆ ಏನಾದರೂ ಬರುವುದು ನಮ್ಮೂರಿಗೆ ಹೊಸದಾಗಿರಲಿಲ್ಲ. ಬಂದದ್ದೆಲ್ಲ ಪಟೇಲ ಗೌಡರ ಮನೆಗೆ ಹೋಗುವುದೂ ಹೊಸದಲ್ಲ. ಅರ್ಧ ಬೆಲೆಗೆ ಕಬ್ಬಿಣದ ನೇಗಿಲು ಬಂದಿತ್ತು. ಅದು ಗೌಡರ ಹಿತ್ತಲಿನಲ್ಲಿತ್ತು, ಅದರ ಮೇಲೆ ಅವರ ಮನೆಯ ಕೋಳಿಗಳು ಸಂಜೆ ಸಾಲಾಗಿ ಕೂರುತ್ತಿದ್ದವು. ಬಿತ್ತುವುದಕ್ಕೆಂದು ಕಡಲೆಕಾಯಿ ಬೀಜ ಬಂದಿತ್ತು. ಅದು ಮೊಳೆಯಲಿಲ್ಲ ಎಂದು ಗೌಡರು ಮೇಲಕ್ಕೆ ಬರೆದು ಕಳಿಸಿದರು. ಹುರಿದ ಬೀಜ ಮೊಳೆಯುವುದಾದರೂ ಹೇಗೆ ಎಂದು ಅತ್ತೆ ಬಾವಿಯ ಹತ್ತಿರ ಕೇಳಿದರು, ಗೌಡರ ಮನೆಯಿಂದ ಎಂಟು ದಿನ ಹುರಿದ ವಾಸನೆ ಬಂದದ್ದು ಎಲ್ಲರಿಗೂ ಗೊತ್ತಿತ್ತು. ಬಡ ರೈತರಿಗೆಂದು ತೆಂಗಿನ ಸಸಿ ಬಂದವು. ಆ ವರ್ಷ ಊರಿನಲ್ಲಿ ಬಡವರೆಂದು ಸಿಕ್ಕಿದವರು ಗೌಡರೊಬ್ಬರೇ. ಸಸಿಗಳೆಲ್ಲ ಅವರ ಮನೆಯ ಹಿಂದಿನ ತೋಟದಲ್ಲಿ ಸಾಲು ಹಿಡಿದು ನಿಂತವು.

ಹೋರಿ ಅಜ್ಜಂಪುರದ ಕಾವಲಿನಿಂದ, ಸರ್ಕಾರದ ದನ ಮೇಯುವ ಹುಲ್ಲುಗಾವಲಿನಿಂದ, ಬಂದದ್ದು. ಅಮೃತಮಹಲ್ ತಳಿ. ಬೂದು ಮೈ, ಹಿಂದಕ್ಕೆ ಬಾಗಿ ಚೂಪಾದ ಕೊಂಬು, ಕತ್ತಿನಲ್ಲಿ ನೊಗದ ಗುರುತೇ ಇಲ್ಲ. ದನದ ಇನ್‌ಸ್ಪೆಕ್ಟರು ಚಾವಡಿಯ ಮುಂದೆ ನಿಂತು ಕಾಗದ ಓದಿದರು. ಊರಿನ ಹಸುಗಳ ತಳಿ ಚೆನ್ನಾಗಲಿ ಎಂದು ಸರ್ಕಾರ ಇದನ್ನು ಕೊಟ್ಟಿದೆ. ಖಾತೆದಾರ ರೈತನೊಬ್ಬ ಇದನ್ನು ಕಟ್ಟಿ ಸಾಕಬೇಕು. ಸಾಕುವವನಿಗೆ ತಿಂಗಳಿಗೊಮ್ಮೆ ಒಂದು ಗಾಡಿ ಹುಲ್ಲು, ಒಂದು ಚೀಲ ಹತ್ತಿಕಾಳು ಬರುತ್ತದೆ. ಯಾರು ಸಾಕುತ್ತೀರಿ ಎಂದು ಕೇಳುವಷ್ಟರಲ್ಲಿ ಗೌಡರು ಹಗ್ಗ ಹಿಡಿದಾಗಿತ್ತು. ಅತ್ತೆ ಹೆಂಗಸರ ಗುಂಪಿನಿಂದ, ನಮಗೂ ಕೊಟ್ಟಿಗೆ ಇದೆ, ನಾವೂ ಸಾಕುತ್ತೇವೆ ಎಂದರು. ಗೌಡರು ಅವರ ಕಡೆ ತಿರುಗದೆಯೇ, ಸರ್ಕಾರದ ಹೋರಿ ಹೆಂಗಸರ ಕೈಲಿ ನಿಲ್ಲೋದುಂಟೇ ಎಂದು ಇನ್‌ಸ್ಪೆಕ್ಟರಿಗೆ ಹೇಳಿ ನಕ್ಕರು. ಇನ್‌ಸ್ಪೆಕ್ಟರಿಗೆ ರೈಲಿನ ಹೊತ್ತಾಗಿತ್ತು. ಬರೆದುಕೊಂಡು ಹೋದರು.

ಆಮೇಲೆ ಆದದ್ದು ನಮ್ಮ ಸೀಮೆಯಲ್ಲಿ ಮಾತ್ರ ಆಗುವಂಥದ್ದು. ನಮ್ಮಲ್ಲಿ ದೇವರಿಗೆ ಬಿಟ್ಟ ಬಸವನಿಗೆ ತೊಡೆಯ ಮೇಲೆ ಮುದ್ರೆ ಒತ್ತುತ್ತಾರೆ. ಅದಕ್ಕೆ ನೊಗವಿಲ್ಲ, ಹಗ್ಗವಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿಲ್ಲ, ಮೇಯ್ದದ್ದು ಪುಣ್ಯವೆಂದು ಕೈಮುಗಿಯಬೇಕು. ಈ ಹೋರಿಯ ತೊಡೆಯ ಮೇಲೂ ಸರ್ಕಾರದ ಮುದ್ರೆ ಇತ್ತು. ಮೊದಲ ದಿನವೇ ಇಬ್ಬರು ಮುದುಕರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಗೌಡರು ಮೊದಲು ನಕ್ಕರು. ನಾಲ್ಕು ದಿನ ಕಳೆದಮೇಲೆ ನಗುವುದನ್ನು ಬಿಟ್ಟು ಯೋಚನೆ ಮಾಡಿದರು. ಐದನೆಯ ದಿನ ಮಠದ ಅಯ್ಯನವರನ್ನು ಕರೆಸಿ, ಹೋರಿಯ ಹಣೆಗೆ ವಿಭೂತಿ ಹಚ್ಚಿಸಿ, ಕೊರಳಿಗೆ ಚೆಂಡು ಹೂವಿನ ಹಾರ ಹಾಕಿ, ಬಸವಣ್ಣ ತಾನಾಗಿ ನಮ್ಮೂರಿಗೆ ಬಂದಿದ್ದಾನೆ ಎಂದು ಹೇಳಿ ಹಗ್ಗ ಬಿಚ್ಚಿದರು.

ಬಸವಣ್ಣ ಊರೆಲ್ಲ ಮೇಯತೊಡಗಿದ. ಸರ್ಕಾರದ ಹುಲ್ಲು ತಿಂಗಳಿಗೊಮ್ಮೆ ಗಾಡಿಯಲ್ಲಿ ಬಂದು ಗೌಡರ ಅಟ್ಟ ಸೇರಿತು. ಗೌಡರ ಎಮ್ಮೆಗಳ ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು. ಅವರ ಮನೆಯ ಮೊಸರನ್ನು ಕೈಯಲ್ಲಿ ಮುರಿಯಬಹುದಿತ್ತು. ಹತ್ತಿಕಾಳಿನ ಪ್ರಭಾವ ಎಂದು ಅತ್ತೆ ಹೇಳುತ್ತಿದ್ದರು.

ಹೋರಿಗೆ ಊರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ನಮ್ಮ ಬಣವೆ. ಅದು ಮೇಲಿನಿಂದ ತಿಂದಿದ್ದರೆ ಅಷ್ಟು ಕಷ್ಟವಿರಲಿಲ್ಲ. ಬುಡದಲ್ಲಿ ಮೂತಿ ತೂರಿಸಿ ಒಳಗಿನ ಒಳ್ಳೆಯ ಹುಲ್ಲನ್ನೇ ಎಳೆದು, ತಿಂದಷ್ಟು ತಿಂದು, ಉಳಿದದ್ದರ ಮೇಲೆ ಮಲಗುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಬಣವೆ ಒಂದು ಕಡೆ ಕುಸಿಯಿತು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, ಯುಗಾದಿ ಕಳೆದು ಹದಿನೈದು ದಿನಕ್ಕೆ ಹುಲ್ಲು ಮುಗಿಯುತ್ತದೆ ಎಂದರು. ಮುಗಿದರೆ ಎತ್ತು ಮಾರಬೇಕು. ಎತ್ತಿಲ್ಲದ ಮನೆ ಹೊಲವನ್ನು ಪಾಲಿಗೆ ಕೊಡಬೇಕು. ಪಾಲಿಗೆ ತೆಗೆದುಕೊಳ್ಳುವವರು ಗೌಡರೇ. ಅವರು ಆಗಲೇ ತಮ್ಮ ಆಳಿನ ಕೈಲಿ ಒಂದು ಸಲ ಕೇಳಿಸಿದ್ದರು. ಆ ಹೊಲದ ಮೂಲೆಯಲ್ಲಿ ಮಾವನವರನ್ನು ಮಣ್ಣು ಮಾಡಿತ್ತು.

ಆದ್ದರಿಂದ ಹೋರಿ ಸಾಕುವ ಹಕ್ಕು ನಮ್ಮ ಮನೆಗೇ ಬರಬೇಕು ಎಂದು ಅತ್ತೆ ತೀರ್ಮಾನ ಮಾಡಿದರು. ನಮ್ಮನೆ ಹುಲ್ಲು ತಿಂದಮೇಲೆ ಸರ್ಕಾರದ ಹುಲ್ಲು ನಮ್ಮನೆಗೇ ಬರಲಿ, ಇದರಲ್ಲಿ ನ್ಯಾಯ ಕೇಳೋದೇನಿದೆ ಎಂದರು. ಅದಕ್ಕೆ ಅವರು ಎರಡು ದಾರಿ ಹಿಡಿದರು. ಒಂದು ನೆಟ್ಟಗಿನದು, ಒಂದು ಸೊಟ್ಟಗಿನದು.

ಸೊಟ್ಟಗಿನದನ್ನು ಮೊದಲು ಹೇಳುತ್ತೇನೆ. ಅತ್ತೆ ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರು, ತೌಡು, ಅನ್ನದ ಗಂಜಿ ಸೇರಿದ ಕಲಗಚ್ಚಿಗೆ ಒಂದು ಹಿಡಿ ಉಪ್ಪು ಹಾಕಿ ಹೋರಿಗೆ ಇಡತೊಡಗಿದರು. ಬಕೆಟ್ಟಿನ ಕಿವಿ ಟಣ್ಣೆಂದರೆ ಸಾಕು, ಅದು ಊರಿನ ಆ ತುದಿಯಿಂದ ಓಡಿ ಬರುವಂತಾಯಿತು. ಆಮೇಲೆ ಒಂದು ಸೋಮವಾರ ಸ್ನಾನ ಮಾಡಿ, ಮಡಿ ಸೀರೆಯುಟ್ಟು, ಹೋರಿಗೆ ವಿಭೂತಿ ಹಚ್ಚಿ, ಬಕೆಟ್ಟು ಹಿಡಿದು ಮುಂದೆ ನಡೆದರು. ಹೋರಿ ಹಿಂದೆ ನಡೆಯಿತು. ನಾನು ಅದರ ಹಿಂದೆ ಊದುಬತ್ತಿ ಹಿಡಿದು ನಡೆದೆ. ನಗು ತಡೆಯುವುದಕ್ಕೆ ಸೆರಗು ಕಚ್ಚಿಕೊಂಡಿದ್ದೆ. ಅತ್ತೆ ಗೌಡರ ತೋಟದ ತಡಿಕೆ ಬಾಗಿಲು ತೆಗೆದು, ಬಕೆಟ್ಟನ್ನು ತೆಂಗಿನ ಸಸಿಗಳ ನಡುವೆ ಇಟ್ಟು, ಸೋಮವಾರದ ದಿನ ಬಸವಣ್ಣ ಊರಗೌಡರ ಮನೆಗೆ ಬರದಿದ್ದರೆ ಹೇಗೆ ಎಂದು ಗೌಡರ ಹೆಂಡತಿಯನ್ನು ಕೇಳಿದರು. ಆಕೆ ಕೈಮುಗಿದರು. ಏನು ಮಾಡಿಯಾರು? ಬಸವಣ್ಣ ಬಕೆಟ್ಟು ನೆಕ್ಕಿ ಮುಗಿಸಿ ಸಸಿಯ ಎಳೆ ಗರಿಗೆ ಬಾಯಿ ಹಾಕಿದ.

ಮುಂದಿನ ಸೋಮವಾರವೂ ಹೋದೆವು. ಗೌಡರು ಜಗಲಿಯ ಮೇಲೆ ನಿಂತು, ಒಂದು ಕೈಯಲ್ಲಿ ಎದೆ ಮುಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಆಳಿಗೆ ಓಡಿಸು ಓಡಿಸು ಎಂದು ಸನ್ನೆ ಮಾಡುತ್ತಿದ್ದರು. ಆಳು ಹೋರಿಗೆ ಕೈಮುಗಿದುಕೊಂಡೇ ಹೊಟ್ಟೆಗೆ ಹೆಗಲು ಕೊಟ್ಟು ನೂಕಿದ. ಅದು ಬಾಲ ಬೀಸಿ ಅವನ ರುಮಾಲು ಕೆಡವಿತು. ಅಷ್ಟು ಹೊತ್ತಿಗೆ ನಮ್ಮ ಹಿಂದೆ ಊದುಬತ್ತಿ ಹಿಡಿದ ಹೆಂಗಸರು ಏಳೆಂಟು ಮಂದಿ ಇದ್ದರು. ಅವರ ಮನೆಗಳಲ್ಲೂ ಬಣವೆ ಕುಸಿದಿತ್ತು.

ಇನ್ನು ನೆಟ್ಟಗಿನ ದಾರಿ. ಒಂದು ಮಧ್ಯಾಹ್ನ ಅತ್ತೆ ಹಾಳೆ, ಮಸಿಕುಡಿಕೆ ತಂದು ನನ್ನ ಮುಂದಿಟ್ಟು ಅರ್ಜಿ ಬರೆ ಎಂದರು. ಅವರಿಗೆ ಓದು ಬರುತ್ತಿರಲಿಲ್ಲ, ಆದರೆ ಅರ್ಜಿ ಹೇಗಿರಬೇಕೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಹೋರಿಗೆ ಕಟ್ಟುವ ಜಾಗವಿಲ್ಲ, ಸರ್ಕಾರದ ಹುಲ್ಲು ಅದರ ಬಾಯಿಗೆ ಬರುತ್ತಿಲ್ಲ, ದಿನಾ ಅದಕ್ಕೆ ಹೊಟ್ಟೆಗೆ ಹಾಕುತ್ತಿರುವವಳು ನಾನು, ಆದಕಾರಣ ಸಾಕುವ ಹಕ್ಕನ್ನು ನನ್ನ ಹೆಸರಿಗೆ ಮಾಡಬೇಕು ಎಂದು ಬರೆಸಿದರು. ಕೊನೆಗೆ, ನನ್ನ ಹೆಸರು ದೊಡ್ಡದಾಗಿ ಬರೆ ಕಣೇ, ಗೌಡನಿಗೆ ಕಾಣೋ ಹಂಗೆ, ಎಂದರು.

ಅಲ್ಲಿಯ ತನಕ ಸರಾಗವಾಗಿ ಬರೆದಿದ್ದೆ. ಹೆಸರಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ. ಮದುವೆಯಾಗಿ ಬಂದ ದಿನದಿಂದ ನಾನು ಒಂದು ಸಲವೂ ಹೇಳಿರಲಿಲ್ಲ. ಅವರ ಮುಂದೆಯೇ ಕೂತು, ಅವರ ಹೆಸರನ್ನು ಮಸಿಯಲ್ಲಿ, ಅದೂ ದೊಡ್ಡದಾಗಿ ಬರೆಯುವುದೆಂದರೆ ಅವರನ್ನು ಹೆಸರು ಹಿಡಿದು ಕೂಗಿದ ಹಾಗೆ ಅನ್ನಿಸಿತು. ಮಾವನವರ ಹೆಸರೂ ಅಷ್ಟೇ. ನಾನು "ಈ ಊರಿನ ಖಾತೆದಾರರ ಮನೆಯವರು" ಎಂದು ಬರೆದು, ಖಾತೆಯ ಸಂಖ್ಯೆ ಹಾಕಿದೆ.

"ಬರೆದೆಯಾ?" ಎಂದು ಕೇಳಿದರು.

"ಬರೆದೆ ಅತ್ತೆ" ಎಂದೆ.

ಅವರು ಆ ಸಾಲಿನ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಮುಟ್ಟಿ, ಉದ್ದ ಚೆನ್ನಾಗಿದೆ ಎಂದರು. ಕೆಳಗೆ ಹೆಬ್ಬೆಟ್ಟು ಒತ್ತಿದರು. ನಮ್ಮ ಯಜಮಾನರು ಅರ್ಜಿಯನ್ನು ಶಿವನಿಯಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ಮುಟ್ಟಿಸಿದರು.

ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿಯಾದ ದಿನ ಸೋಮವಾರ. ಗೌಡರು ಬೆಳಿಗ್ಗೆ ಎದ್ದವರೇ ಕೊಟ್ಟಿಗೆಯಲ್ಲಿ ಹೋರಿಗೆ ಹುಲ್ಲು ಹಾಕಲು ಮಣ್ಣಿನ ಗೋದಲಿ ಕಟ್ಟಿಸುತ್ತಿದ್ದರು. ನಾವು ಎಂದಿನ ಹಾಗೆ ಮೆರವಣಿಗೆ ಹೊರಟೆವು. ಬಸವಣ್ಣ ತೋಟ ಹೊಕ್ಕು ಉಳಿದ ಸಸಿಗಳಿಗೆ ಬಾಯಿ ಹಾಕಿದ. ಗೌಡರಿಗೆ ತಡೆಯಲಿಲ್ಲ. ಕೆಸರುಗೈಯಲ್ಲೇ ದೊಣ್ಣೆ ಎತ್ತಿಕೊಂಡು ಬಂದು ಅದರ ಬೆನ್ನಿಗೆ ಎರಡು ಬಾರಿಸಿದರು. ಮುದ್ರೆ ಕಣ್ಣಿಗೊತ್ತಿಕೊಂಡಿದ್ದ ಮುದುಕರಿಬ್ಬರೂ, ಬಸವಣ್ಣನಿಗೆ ಹೊಡೀತೀರಾ ಗೌಡ್ರೇ ಎಂದು ಬಾಯಿ ಬಿಟ್ಟರು.

"ಬಸವಣ್ಣನೂ ಅಲ್ಲ ಎಂಥದೂ ಅಲ್ಲ. ಇದು ಸರ್ಕಾರದ ಹೋರಿ ಕಣ್ರೋ" ಎಂದರು ಗೌಡರು.

ಅತ್ತೆ ಬಕೆಟ್ಟನ್ನು ಕೆಳಗಿಟ್ಟು, ಬಹಳ ಮೆತ್ತಗೆ ಕೇಳಿದರು. "ಹಂಗಾದ್ರೆ ಸರ್ಕಾರದ ಹುಲ್ಲು ಯಾರು ತಿಂದ್ರು ಗೌಡ್ರೇ? ನಿಮ್ಮ ಎಮ್ಮೆಗಳೋ, ನೀವೋ?"

ಆಗ ಹಿಂದಿನಿಂದ ಯಾರೋ ಕೆಮ್ಮಿದರು. ಇನ್‌ಸ್ಪೆಕ್ಟರು ಬೆಳಗಿನ ರೈಲಿಗೇ ಬಂದುಬಿಟ್ಟಿದ್ದರು. ಜೊತೆಯಲ್ಲಿ ಶಾನುಭೋಗರು ಪುಸ್ತಕ ಹಿಡಿದು ನಿಂತಿದ್ದರು, ಊರಿನ ಖಾತೆ ಬರೆಯುವವರು ಅವರು.

ಇನ್‌ಸ್ಪೆಕ್ಟರು ಹೆಚ್ಚು ಮಾತಾಡುವ ಮನುಷ್ಯರಲ್ಲ. ಕೊಟ್ಟಿಗೆಗೆ ಹೋಗಿ ಗೋದಲಿಯ ಅಂಚಿಗೆ ಬೆರಳು ಒತ್ತಿದರು. ಬೆರಳು ಮೊದಲ ಗೆಣ್ಣಿನ ತನಕ ಒಳಗೆ ಹೋಯಿತು. ಅದನ್ನು ಒರೆಸಿಕೊಂಡು, ಹೋರಿಯನ್ನು ಇಲ್ಲಿ ತಂದು ಕಟ್ಟಿ ಎಂದರು. ಆಳು ಹಗ್ಗ ಹಾಕಿ ಎಳೆದ, ಗೌಡರು ಹಿಂದಿನಿಂದ ನೂಕಿದರು. ಅತ್ತೆ ಆಗಲೇ ಮನೆಗೆ ಬಂದು ಇನ್ನೊಂದು ಬಕೆಟ್ಟಿಗೆ ಕಲಗಚ್ಚು ಸುರಿಯುತ್ತಿದ್ದರು. ಕಿವಿ ಟಣ್ಣೆಂದಿತು. ಹೋರಿ ತಲೆಯೆತ್ತಿತು, ತಿರುಗಿತು, ಹಗ್ಗದ ತುದಿಯಲ್ಲಿದ್ದ ಆಳನ್ನೂ ಕರೆದುಕೊಂಡು ನಮ್ಮ ಅಂಗಳಕ್ಕೆ ಬಂತು. ಇನ್‌ಸ್ಪೆಕ್ಟರು ನಿಧಾನವಾಗಿ ನಡೆದು ಬಂದು ನಮ್ಮ ಜಗಲಿಯ ಮೇಲೆ ಕೂತರು. ಗೌಡರ ಹೆಸರಿನ ಮೇಲೆ ಒಂದು ಗೆರೆ ಎಳೆದರು.

ಆಮೇಲೆ ಜೇಬಿನಿಂದ ನಾನು ಬರೆದ ಅರ್ಜಿ ತೆಗೆದರು. ಅದರ ಹಿಂಬದಿಯಲ್ಲಿ ಮೇಲಿನವರ ಹುಕುಂ ಇತ್ತು. ದೂರು ನಿಜವಾಗಿದ್ದರೆ ಹೋರಿಯನ್ನು ಅರ್ಜಿದಾರರಾದ ಖಾತೆದಾರರಿಗೆ ಕೊಡತಕ್ಕದ್ದು ಎಂದು. ಖಾತೆ ಯಾರ ಹೆಸರಿನಲ್ಲಿದೆ ಎಂದು ಇನ್‌ಸ್ಪೆಕ್ಟರು ಕೇಳಿದರು. ಶಾನುಭೋಗರು ಪುಸ್ತಕ ತೆರೆದು ನಮ್ಮ ಮಾವನವರ ಹೆಸರು ಓದಿದರು. ಅವರು ತೀರಿಹೋಗಿದ್ದಾರೆ, ಮಗನ ಹೆಸರಿಗೆ ಖಾತೆ ಬದಲಾಯಿಸುವುದು ಇನ್ನೂ ಆಗಿಲ್ಲ ಎಂದೂ ಹೇಳಿದರು. ಅದು ನಿಜ. ನಮ್ಮವರಿಗೆ ತರೀಕೆರೆಯ ಕಚೇರಿಗೆ ಅಲೆಯಲು ರಜ ಸಿಕ್ಕಿರಲಿಲ್ಲ.

"ಪುಸ್ತಕದಲ್ಲಿ ಇದ್ದಾರೋ ಇಲ್ಲವೋ?" ಎಂದರು ಇನ್‌ಸ್ಪೆಕ್ಟರು.

"ಪುಸ್ತಕದಲ್ಲಿ ಇದ್ದಾರೆ."

"ಹಾಗಾದರೆ ಇದ್ದಾರೆ."

ಅತ್ತೆ ಸೆರಗು ಎಳೆದುಕೊಂಡು ಮುಂದೆ ಬಂದರು. ಹೋರಿಗೆ ಹೊಟ್ಟೆಗೆ ಹಾಕುವವಳು ತಾನು, ಅರ್ಜಿಯಲ್ಲಿ ತನ್ನ ಹೆಸರಿದೆ, ಅದನ್ನೇ ಬರೆದುಕೊಳ್ಳಬೇಕು ಎಂದರು. ಇನ್‌ಸ್ಪೆಕ್ಟರು ಅರ್ಜಿಯನ್ನು ಮತ್ತೆ ನೋಡಿದರು. ಇದರಲ್ಲಿ ಹೆಸರಿಲ್ಲವಲ್ಲಮ್ಮ, ಖಾತೆದಾರರ ಮನೆಯವರು ಅಂತಿದೆ, ಹೆಸರಿದ್ದಿದ್ದರೆ ಮೇಲಿನವರು ಹೆಸರಿಗೇ ಕೊಡುತ್ತಿದ್ದರು ಎಂದರು. ಈಗ ಬೇಕಾದರೆ ಹೊಸ ಅರ್ಜಿ ಹಾಕಬಹುದು, ಹುಕುಂ ಬರುವುದಕ್ಕೆ ಮೂರು ನಾಲ್ಕು ತಿಂಗಳಾಗುತ್ತದೆ, ಅಲ್ಲಿಯ ತನಕ ಹುಲ್ಲಿನ ಗಾಡಿ ನಿಲ್ಲುತ್ತದೆ.

ಅತ್ತೆ ನನ್ನ ಕಡೆ ನೋಡಿದರು. ನಾನು ಬಾಗಿಲ ಸಂದಿಯಲ್ಲಿದ್ದೆ. ನೆಲ ನೋಡಿದೆ. ಅವರು ಕುಸಿದ ಬಣವೆಯ ಕಡೆಯೂ ಒಂದು ಸಲ ನೋಡಿದರು.

"ಅವರ ಹೆಸರೇ ಬರ್ಕೊಳಿ ಸ್ವಾಮಿ" ಎಂದರು.

ಅವತ್ತು ಸಂಜೆಯ ತನಕ ನನ್ನ ಜೊತೆ ಮಾತಾಡಲಿಲ್ಲ. ನಾನು ಎರಡು ಸಲ ಅಳುವುದಕ್ಕೆ ಸಿದ್ಧಳಾದೆ. ದೀಪ ಹಚ್ಚುವ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತು ತಾವೇ ಶುರು ಮಾಡಿದರು. "ನಾನು ನಿಮ್ಮ ಮಾವನ ಹೆಸರು ಜೀವಮಾನದಲ್ಲಿ ಹೇಳಲಿಲ್ಲ, ಅವರಿಗೆ ಹೋರಿ ಸಿಕ್ತು. ನೀನು ನನ್ನ ಹೆಸರು ಹೇಳಲಿಲ್ಲ, ನನಗೆ ಸೆಗಣಿ ಸಿಕ್ತು." ಹೀಗೆಂದು ನಗತೊಡಗಿದರು. ನಾನು ನಕ್ಕೆನೋ ಕಣ್ಣೀರು ಹಾಕಿದೆನೋ ಈಗ ನೆನಪಿಲ್ಲ. ಮರುದಿನ ಅತ್ತೆ ಹೊಲದ ಮೂಲೆಗೆ ಹೋಗಿ ಮಾವನವರ ಗದ್ದುಗೆಯ ಮೇಲೆ ಹೂವಿಟ್ಟು, ಬದುಕಿದ್ದಾಗ ಒಂದು ಹಿಡಿ ಹುಲ್ಲು ಎತ್ತಿ ಹಾಕಿದವರಲ್ಲ, ಈಗ ಸರ್ಕಾರದ ಕೆಲಸ ಬಂದಿದೆ, ಸರಿಯಾಗಿ ಮಾಡಿ ಎಂದು ಹೇಳಿ ಬಂದರಂತೆ.

ಎತ್ತುಗಳು ಉಳಿದವು. ಹೊಲ ಉಳಿಯಿತು. ಆರು ವರ್ಷ ತಿಂಗಳಿಗೊಮ್ಮೆ ಗಾಡಿ ನಮ್ಮ ಬಾಗಿಲಿಗೆ ಬಂತು. ಗಾಡಿಯವನು ಹೊರಗೆ ನಿಂತು ಮಾವನವರ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅತ್ತೆ ತಕ್ಷಣ ಹೋಗುತ್ತಿರಲಿಲ್ಲ. ಇನ್ನೊಂದ್ಸಲ ಕೂಗಪ್ಪಾ, ನಾನಂತೂ ಕೂಗೋ ಹಂಗಿಲ್ಲ, ಎಂದು ಒಳಗಿನಿಂದ ಹೇಳಿ, ಎರಡನೆಯ ಕೂಗನ್ನು ನಿಂತು ಪೂರ್ತಿ ಕೇಳಿಸಿಕೊಂಡು ಆಮೇಲೆ ಹೋಗುತ್ತಿದ್ದರು. ಹುಲ್ಲು ನಿಂತೀತು ಎಂಬ ಹೆದರಿಕೆಗೆ ನಾವು ಖಾತೆ ಬದಲಾಯಿಸುವ ಮಾತನ್ನೇ ಎತ್ತಲಿಲ್ಲ. ಹುಲ್ಲು ಮುಟ್ಟಿದ್ದಕ್ಕೆ ಪುಸ್ತಕದಲ್ಲಿ ಪ್ರತಿ ಸಲವೂ ಮಾವನವರ ಹೆಸರು, ಅದರ ಪಕ್ಕದಲ್ಲಿ ಅತ್ತೆಯ ಹೆಬ್ಬೆಟ್ಟು. ಹೊಸ ಅರ್ಜಿ ಬರೆಯೋಣವೇ ಎಂದು ನಾನು ಒಮ್ಮೆ ಕೇಳಿದ್ದೆ. ಸತ್ತವರ ಹೊಟ್ಟೆಯ ಮೇಲೆ ಹೊಡೆಯಬೇಡ ಎಂದರು. ಗೌಡರು ಮಾತ್ರ ಹೊಸ ತೆಂಗಿನ ಸಸಿಗೆ ಅರ್ಜಿ ಹಾಕಿ ಪಡೆದುಕೊಂಡರು. ಹಳೆಯವು ಸರ್ಕಾರಿ ಹೋರಿಯಿಂದ ಹಾಳಾದವು ಎಂಬ ಕಾರಣ ಕೊಟ್ಟಿದ್ದರು, ಅದು ಸುಳ್ಳೇನೂ ಅಲ್ಲ.

ಹೋರಿಗೆ ವಯಸ್ಸಾದ ಮೇಲೆ ಸರ್ಕಾರದವರು ಅದನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಅದರ ಕರುಗಳು ಊರ ತುಂಬ ಇವೆ. ಅತ್ತೆ ಹೋದಮೇಲೆ ನಮ್ಮವರು ರಜ ಹಾಕಿ ತರೀಕೆರೆಗೆ ಹೋಗಿ ಖಾತೆ ಬದಲಾಯಿಸಿಕೊಂಡು ಬಂದರು. ಮಾವನವರ ಹೆಸರು ಹೊಡೆದು ಹಾಕಿ ನಮ್ಮವರ ಹೆಸರು ಬರೆದಿದ್ದಾರೆ. ಸಾವಿನ ಪುಸ್ತಕದಲ್ಲಿ ಅತ್ತೆಯನ್ನು ಇಂಥವರ ಹೆಂಡತಿ ಎಂದಷ್ಟೇ ಬರೆದಿದ್ದಾರೆ. ನಾನು ಶಾನುಭೋಗರ ಮನೆಗೆ ಹೋಗಿ ನೋಡಿಕೊಂಡು ಬಂದೆ.

ಇವತ್ತು ಹೆಸರು ಬರೆಯಬೇಕೆಂದೇ ಕೂತಿದ್ದೆ. ಮೊದಲ ಸಾಲಿನಿಂದ ಇಲ್ಲಿಯ ತನಕ ಬರೆದದ್ದನ್ನು ಈಗ ಓದಿ ನೋಡಿದೆ. ಎಲ್ಲ ಕಡೆಯೂ ಅತ್ತೆ ಎಂದೇ ಬಂದಿದೆ. ಅವರ ಹೆಸರು ಇನ್ನೂ ಬರೆದಿಲ್ಲ.